ಮುಖ ಗುರುತಿಸುವ ಯಂತ್ರಕ್ಕೆ ಮುಖದ ಭಾವವೂ ತಿಳಿಯುತ್ತದೆಯೇ?

ಪ್ರಶ್ನೆ: ಪಿಯು ಉಪನ್ಯಾಸಕ

ನಾನು ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಆಡಳಿತ ಮಂಡಳಿಯ ಮುಂದೆ ಒಂದು ತಂತ್ರಾಂಶದ ಪ್ರಸ್ತಾವ ಬಂದಿದೆ. ತರಗತಿಯಲ್ಲಿ ಅಳವಡಿಸಿದ ಕ್ಯಾಮೆರಾ ಮೊದಲು ಒಬ್ಬೊಬ್ಬ ವಿದ್ಯಾರ್ಥಿಯ ಮುಖವನ್ನೂ ಗುರುತಿಸಿ ಹಾಜರಾತಿ ಹಾಕುತ್ತದೆ. ಆಮೇಲೆ ಅದೇ ಮುಖಗಳನ್ನು ಪಾಠದುದ್ದಕ್ಕೂ ಗಮನಿಸುತ್ತಾ ಯಾರು ಆಸಕ್ತಿಯಿಂದ ಕೇಳುತ್ತಿದ್ದಾರೆ, ಯಾರಿಗೆ ಬೇಸರ ಬಂದಿದೆ, ಯಾರು ದುಃಖದಲ್ಲಿದ್ದಾರೆ ಎಂಬ ವರದಿಯನ್ನು ಸಂಜೆಗೆ ಕೊಡುತ್ತದೆ ಎನ್ನುತ್ತಾರೆ. ಬೋಧಕರ ಪರವಾಗಿ ಲಿಖಿತ ಅಭಿಪ್ರಾಯ ಕೊಡುವ ಹೊಣೆ ನನ್ನ ಮೇಲಿದೆ.

ಮೊದಲ ಭಾಗದ ಬಗ್ಗೆ ನನಗೆ ಹೆಚ್ಚಿನ ಅನುಮಾನವಿಲ್ಲ. ಕನ್ನಡಕ ಹಾಕಿದರೂ ಗಡ್ಡ ಬಿಟ್ಟರೂ ಮೊಬೈಲ್ ನನ್ನ ಮುಖ ನೋಡಿ ತೆರೆದುಕೊಳ್ಳುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್‌ನಿಂದ ಡಿಜಿಯಾತ್ರಾ ವ್ಯವಸ್ಥೆ ಬಂದಿದ್ದು, ಬಯಸಿದವರು ಮುಖ ತೋರಿಸಿಯೇ ಒಳಗೆ ಹೋಗಬಹುದು. ಪ್ರಸ್ತಾವ ತಂದವರ ವಾದವೂ ಇದನ್ನೇ ಆಧರಿಸಿದೆ: ಲಕ್ಷಾಂತರ ಜನರಲ್ಲಿ ಒಬ್ಬನನ್ನು ಬೇರ್ಪಡಿಸಿ ಗುರುತಿಸುವ ಯಂತ್ರಕ್ಕೆ ಅವನ ಮುಖದ ಮೇಲಿನ ಬೇಸರ ಕಾಣದೆ ಹೋದೀತೇ ಎಂದು ಅವರು ಕೇಳುತ್ತಾರೆ. ಕೇಳಿದಾಗ ಸರಿಯೆನಿಸುವ ಈ ಮಾತನ್ನು ಹಾಗೇ ಒಪ್ಪಿಕೊಳ್ಳಲು ನನಗೆ ಮನಸ್ಸಾಗುತ್ತಿಲ್ಲ. ಇಂಥವನು ಯಾರು ಎಂದು ತಿಳಿಯುವುದೂ ಅವನಿಗೆ ಏನನಿಸುತ್ತಿದೆ ಎಂದು ತಿಳಿಯುವುದೂ ಒಂದೇ ಸಾಮರ್ಥ್ಯದ ಎರಡು ಮಟ್ಟಗಳೋ ಅಥವಾ ಬೇರೆಬೇರೆ ಕೆಲಸಗಳೋ? ಮನುಷ್ಯರಲ್ಲಿ ಇದು ಹೇಗೆ ನಡೆಯುತ್ತದೆ, ಯಂತ್ರದಲ್ಲಿ ಹೇಗೆ? ಬಲ್ಲವರು ಆಧಾರ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನರವಿಜ್ಞಾನದ ವಿದ್ಯಾರ್ಥಿನಿ

ಮನುಷ್ಯರ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಸಾಕಷ್ಟು ಗಟ್ಟಿಯಾದ ಉತ್ತರವಿದೆ: ಇವು ಬಹುಮಟ್ಟಿಗೆ ಬೇರೆಬೇರೆ ಕೆಲಸಗಳು. ವಿಕಿ ಬ್ರೂಸ್ ಮತ್ತು ಆಂಡ್ರ್ಯೂ ಯಂಗ್ ಎಂಬ ಬ್ರಿಟಿಷ್ ಮನೋವಿಜ್ಞಾನಿಗಳು 1986ರಲ್ಲಿಯೇ, ಮುಖದ ಒಡೆಯ ಯಾರು ಎಂಬುದನ್ನು ಪತ್ತೆ ಮಾಡುವ ದಾರಿಯೂ ಮುಖಭಾವವನ್ನು ಗ್ರಹಿಸುವ ದಾರಿಯೂ ಬೇಗನೆ ಕವಲೊಡೆಯುತ್ತವೆ ಎಂಬ ಮಾದರಿಯನ್ನು ಮುಂದಿಟ್ಟರು. ನಂತರದ ಮಿದುಳಿನ ಚಿತ್ರಣವೂ ಸ್ಥೂಲವಾಗಿ ಇದನ್ನೇ ಹೇಳಿತು. ನ್ಯಾನ್ಸಿ ಕ್ಯಾನ್‌ವಿಷರ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದ, ಮಿದುಳಿನ ತಳಭಾಗದಲ್ಲಿರುವ ಫ್ಯೂಸಿಫಾರ್ಮ್ ಮುಖವಲಯವು ಮುಖದಲ್ಲಿ ಬದಲಾಗದೆ ಉಳಿಯುವ ಅಂಶಗಳಿಗೆ ಹೆಚ್ಚು ಸ್ಪಂದಿಸುತ್ತದೆ. ಕಣ್ಣಿನ ನೋಟ, ತುಟಿಯ ಚಲನೆ, ಹುಬ್ಬಿನ ಏರಿಳಿತದಂತಹ ಕ್ಷಣಕ್ಷಣಕ್ಕೂ ಬದಲಾಗುವ ಅಂಶಗಳನ್ನು ಕಿವಿಯ ಮೇಲ್ಭಾಗಕ್ಕೆ ಹತ್ತಿರದ ಟೆಂಪೊರಲ್ ಸೀಳಿನ ಸುತ್ತಲಿನ ಭಾಗ ಹೆಚ್ಚಾಗಿ ನಿರ್ವಹಿಸುತ್ತದೆ. ಎರಡರ ನಡುವೆ ಕೊಡುಕೊಳ್ಳುವಿಕೆ ಇದ್ದೇ ಇದೆ. ಗೋಡೆ ಹಾಕಿದಂತೆ ಪ್ರತ್ಯೇಕವೆಂದು ಇಂದು ಯಾರೂ ಹೇಳುವುದಿಲ್ಲ.

ನನಗೆ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಎಸ್‌ಎಂ ಎಂಬ ಎರಡಕ್ಷರದಿಂದಷ್ಟೇ ಸಂಶೋಧನಾ ಲೇಖನಗಳಲ್ಲಿ ಕಾಣಿಸಿಕೊಳ್ಳುವ ಅಮೆರಿಕದ ಮಹಿಳೆಯ ಪ್ರಕರಣ. ಅಪರೂಪದ ಆನುವಂಶಿಕ ಕಾಯಿಲೆಯೊಂದರಿಂದ ಆಕೆಯ ಮಿದುಳಿನಲ್ಲಿ ಭಯದಂತಹ ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಸಣ್ಣ ಭಾಗ ಎರಡೂ ಬದಿಯಲ್ಲಿ ನಾಶವಾಗಿತ್ತು. ರಾಲ್ಫ್ ಅಡಾಲ್ಫ್ಸ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದಂತೆ, ಆಕೆ ಪರಿಚಿತರ ಮುಖಗಳನ್ನು ಸರಿಯಾಗಿಯೇ ಗುರುತಿಸುತ್ತಿದ್ದಳು. ಆದರೆ ಹೆದರಿದ ಮುಖದ ಚಿತ್ರವನ್ನು ತೋರಿಸಿದರೆ ಅದರಲ್ಲಿ ಭಯವಿದೆ ಎಂದು ಆಕೆಗೆ ಹೊಳೆಯುತ್ತಿರಲಿಲ್ಲ. ಹತ್ತು ವರ್ಷಗಳ ಮೇಲೆ, 2005ರಲ್ಲಿ, ಅದೇ ತಂಡ ಆಕೆಯ ದೃಷ್ಟಿ ಮುಖದ ಯಾವ ಭಾಗಗಳ ಮೇಲೆ ಓಡಾಡುತ್ತದೆ ಎಂದು ಅಳೆದು ನೋಡಿತು. ಉಳಿದವರೆಲ್ಲ ತಾವಾಗಿಯೇ ಕಣ್ಣುಗಳ ಕಡೆ ನೋಡಿದರೆ ಆಕೆ ನೋಡುತ್ತಲೇ ಇರಲಿಲ್ಲ. ಭಯದ ಮುಖ್ಯ ಗುರುತಾದ ಅಗಲವಾಗಿ ತೆರೆದ ಕಣ್ಣುಗಳೇ ಆಕೆಯ ಗಮನಕ್ಕೆ ಬರುತ್ತಿರಲಿಲ್ಲ. ಕಣ್ಣುಗಳನ್ನು ನೋಡು ಎಂದು ಹೇಳಿದಾಗ ಭಯವನ್ನು ಆಕೆ ಉಳಿದವರಷ್ಟೇ ಚೆನ್ನಾಗಿ ಗುರುತಿಸಿದಳು. ಹೇಳುವುದನ್ನು ನಿಲ್ಲಿಸಿದ ಕೂಡಲೇ ಮತ್ತೆ ಮೊದಲಿನಂತಾದಳು. ಭಾವವನ್ನು ಓದುವುದೆಂದರೆ ಎಲ್ಲಿ, ಯಾವಾಗ, ಏಕೆ ನೋಡಬೇಕೆಂಬ ಹುಡುಕಾಟವೂ ಹೌದು ಎಂಬುದು ಇದರಿಂದ ನನಗೆ ಮನವರಿಕೆಯಾಯಿತು.

ಇದರ ತಿರುಗುಮುರುಗು ಸ್ಥಿತಿಯೂ ಇದೆ. ಜರ್ಮನಿಯ ಯೋಆಕಿಮ್ ಬೋಡಾಮರ್ 1947ರಲ್ಲಿ ಪ್ರೊಸೊಪಾಗ್ನೋಸಿಯಾ ಎಂದು ಹೆಸರಿಸಿದ ಈ ಸ್ಥಿತಿಯಲ್ಲಿ ಕಣ್ಣು ಚೆನ್ನಾಗಿದ್ದರೂ ಮುಖದಿಂದ ವ್ಯಕ್ತಿಯನ್ನು ಗುರುತಿಸಲು ಆಗುವುದಿಲ್ಲ. ಆದರೆ ಅಂಥವರಲ್ಲಿ ಕೆಲವರು ಮುಖಭಾವವನ್ನು ಸರಿಯಾಗಿ ಓದುತ್ತಾರೆ. ಒಂದು ಕೆಟ್ಟು ಇನ್ನೊಂದು ಉಳಿಯುವುದು ಎರಡೂ ದಿಕ್ಕಿನಲ್ಲಿ ಕಾಣುವುದರಿಂದ, ಒಂದರಲ್ಲಿ ನಿಪುಣರಾದವರು ಇನ್ನೊಂದರಲ್ಲಿಯೂ ನಿಪುಣರಾಗಿಯೇ ಇರುತ್ತಾರೆಂಬ ವಾದ ಮನುಷ್ಯರಲ್ಲಿಯೇ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ. ಮುಖ ಗುರುತಿಸುವುದರಲ್ಲಿ ನಾವು ಬಹಳ ಜಾಣರೆಂಬ ಭಾವನೆ ಪರಿಚಿತರ ಮುಖಗಳಿಂದ ಬಂದದ್ದು. ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು 2011ರಲ್ಲಿ ಇಬ್ಬರು ಡಚ್ ಪ್ರಸಿದ್ಧರ ತಲಾ 20 ಚಿತ್ರಗಳನ್ನು ಬೆರೆಸಿ, ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಗುಂಪು ಮಾಡಿ ಎಂದು ಜನರಿಗೆ ಕೊಟ್ಟರು. ಆ ಪ್ರಸಿದ್ಧರನ್ನು ಬಲ್ಲ ನೆದರ್ಲೆಂಡ್ಸ್‌ನವರು ಸಲೀಸಾಗಿ ಎರಡು ಗುಂಪು ಮಾಡಿದರೆ, ಅವರನ್ನು ಅರಿಯದ ಬ್ರಿಟನ್ನಿನವರು ಏಳೆಂಟು ಗುಂಪು ಮಾಡಿದರು. ಒಬ್ಬರದೇ ಬೇರೆಬೇರೆ ಚಿತ್ರಗಳು ಅವರಿಗೆ ಬೇರೆಬೇರೆ ಜನರಂತೆ ಕಂಡಿದ್ದವು. ಅಭ್ಯಾಸ ಮಾತ್ರದಿಂದ ಇದು ಸರಿಹೋಗುವುದೂ ಇಲ್ಲ: ಆಸ್ಟ್ರೇಲಿಯದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿದ 2014ರ ಅಧ್ಯಯನದಲ್ಲಿ, ಚಿತ್ರವನ್ನೂ ಎದುರಿಗಿದ್ದವರ ಮುಖವನ್ನೂ ಹೋಲಿಸುವುದರಲ್ಲಿ ಅವರ ಅನುಭವದ ವರ್ಷಗಳು ನೆರವಿಗೆ ಬಂದಿರಲಿಲ್ಲ. ನಿಮ್ಮ ತರಗತಿಯ ಹುಡುಗಿಯ ಮುಖ ಸಪ್ಪಗಿದೆ ಎಂದು ನಿಮಗೆ ಹೊಳೆಯುವುದಕ್ಕೂ, ಮೊದಲ ದಿನ ನೋಡಿದವರಿಗೆ ಹಾಗೆ ಅನಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಉತ್ತರ: ದನಿಯಿಂದ ಗುರುತು

ಮೇಲಿನವರು ಹೇಳಿದ ಸ್ಥಿತಿಯೊಂದಿಗೆ ಚಿಕ್ಕಂದಿನಿಂದ ಬದುಕುತ್ತಿರುವವಳು ನಾನು. ಮದುವೆ ಮನೆಯಲ್ಲಿ ಎದುರಿಗೆ ಬಂದು ನಗುವವರು ಚಿಕ್ಕಮ್ಮನೋ ಅಡುಗೆಯವರ ಕಡೆಯವರೋ ಎಂದು ಮುಖ ನೋಡಿ ನನಗೆ ತಿಳಿಯುವುದಿಲ್ಲ. ಮಾತನಾಡಿದ ಕೂಡಲೇ ತಿಳಿಯುತ್ತದೆ. ಕೆಲವೊಮ್ಮೆ ನಡಿಗೆಯಿಂದ, ಸೆರಗು ಸರಿಪಡಿಸಿಕೊಳ್ಳುವ ರೀತಿಯಿಂದ ಮೊದಲೇ ತಿಳಿಯುತ್ತದೆ. ಆದರೆ ಆ ನಗು ಮನಸಾರೆ ಬಂದದ್ದೋ, ಔಪಚಾರಿಕವೋ, ಅದರ ಹಿಂದೆ ಏನಾದರೂ ಮುನಿಸು ಇದೆಯೋ ಎಂಬುದು ನನಗೂ ಕಾಣುತ್ತದೆ. ಯಾರ ಮುನಿಸು ಎಂದು ಗೊತ್ತಿಲ್ಲದೆಯೇ ಮುನಿಸನ್ನು ಗ್ರಹಿಸಿ ನಿಂತಿರುವ ಸಂದರ್ಭಗಳು ನನಗೆ ಹೊಸತಲ್ಲ. ಗುರುತು ಹಿಡಿಯಲಾಗದವರನ್ನು ಸೊಕ್ಕಿನವರೆಂದು ತಿಳಿಯುವ ಜನ ಬಹಳ. ಪಾಠ ಹೇಳುವವರು ಈ ಸ್ಥಿತಿ ಮಕ್ಕಳಲ್ಲಿಯೂ ಇರಬಹುದೆಂದು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಚಿತ್ರ ಸಂಸ್ಕರಣೆಯ ಎಂಜಿನಿಯರ್

ಯಂತ್ರದ ಕಡೆಯದನ್ನು ನಾನು ಬರೆಯುತ್ತೇನೆ. ಗುರುತು ಹಿಡಿಯುವ ಕೆಲಸದ ಇತಿಹಾಸ ಉದ್ದವಾಗಿದೆ. ವುಡಿ ಬ್ಲೆಡ್ಸೊ 1960ರ ದಶಕದಲ್ಲಿ ಕಣ್ಣು, ಮೂಗು, ಬಾಯಿಗಳ ನಡುವಿನ ಅಂತರಗಳನ್ನು ಕೈಯಿಂದ ಗುರುತು ಮಾಡಿಸಿ ಕಂಪ್ಯೂಟರಿಗೆ ಕೊಟ್ಟರು. ತಕೆಯೊ ಕನಾದೆ 1973ರಲ್ಲಿ ಕ್ಯೋಟೊದಲ್ಲಿ ಆ ಅಳತೆಯನ್ನು ಯಂತ್ರವೇ ಮಾಡಿಕೊಳ್ಳುವಂತೆ ಮಾಡಿದರು. ಟರ್ಕ್ ಮತ್ತು ಪೆಂಟ್‌ಲ್ಯಾಂಡ್ 1991ರಲ್ಲಿ ಇಡೀ ಮುಖವನ್ನು ಕೆಲವೇ ಮೂಲಚಿತ್ರಗಳ ಮಿಶ್ರಣವೆಂದು ಬರೆಯುವ ವಿಧಾನ ತಂದರು. ಉದಾಹರಣೆಗಳಿಂದ ತಾವೇ ಕಲಿಯುವ ಇಂದಿನ ನರಜಾಲ ತಂತ್ರಾಂಶಗಳು ಇವೆಲ್ಲವನ್ನೂ ಹಿಂದೆ ಹಾಕಿವೆ. ಗೂಗಲ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಪ್ರತಿ ಮುಖವನ್ನೂ 128 ಸಂಖ್ಯೆಗಳ ಒಂದು ಸಾಲಾಗಿ ಪರಿವರ್ತಿಸುತ್ತದೆ. ಅದಕ್ಕೆ ತರಬೇತಿ ಕೊಡುವಾಗ ಮೂರು ಮೂರು ಚಿತ್ರಗಳನ್ನು ಒಟ್ಟಿಗೆ ತೋರಿಸುತ್ತಾರೆ: ಒಬ್ಬನದೇ ಎರಡು, ಬೇರೊಬ್ಬನದು ಒಂದು. ಒಬ್ಬನ ಎರಡು ಚಿತ್ರಗಳ ಸಂಖ್ಯೆಗಳು ಹತ್ತಿರ ಬರಬೇಕು, ಬೇರೊಬ್ಬನದು ದೂರ ಸರಿಯಬೇಕು. ಕೋಟ್ಯಂತರ ಚಿತ್ರಗಳ ಮೇಲೆ ಹೀಗೆ ತಿದ್ದುತ್ತಾ ಹೋದಾಗ, ಬೆಳಕು, ವಯಸ್ಸು, ಕನ್ನಡಕ ಇವುಗಳನ್ನು ಬದಿಗಿಟ್ಟು ವ್ಯಕ್ತಿಗೆ ಅಂಟಿಕೊಂಡ ಲಕ್ಷಣವನ್ನಷ್ಟೇ ಉಳಿಸಿಕೊಳ್ಳುವುದನ್ನು ಜಾಲ ಕಲಿಯುತ್ತದೆ.

ಇಲ್ಲಿ ಒಂದು ಅಂಶವನ್ನು ದಯವಿಟ್ಟು ಗಮನಿಸಿ. ಹೀಗೆ ಬದಿಗಿಡಬೇಕಾದ ವಿಷಯಗಳಲ್ಲಿ ಮುಖಭಾವವೂ ಒಂದು. ನೀವು ನಕ್ಕರೂ ಸಿಡುಕಿದರೂ ಮೊಬೈಲ್ ನಿಮ್ಮನ್ನೇ ಗುರುತಿಸಬೇಕಾದ್ದರಿಂದ, ಭಾವದ ಏರುಪೇರನ್ನು ಆದಷ್ಟು ಲೆಕ್ಕಕ್ಕೆ ತೆಗೆದುಕೊಳ್ಳದಂತೆಯೇ ಅದನ್ನು ತಯಾರಿಸಲಾಗಿದೆ. ಆದ್ದರಿಂದ ಗುರುತು ಹಿಡಿಯುವುದರಲ್ಲಿನ ನಿಖರತೆಯನ್ನು ತೋರಿಸಿ ಭಾವ ಓದುವ ಸಾಮರ್ಥ್ಯಕ್ಕೆ ಸಾಕ್ಷಿ ಹೇಳುವುದು ತರ್ಕಕ್ಕೆ ನಿಲ್ಲುವುದಿಲ್ಲ. ಭಾವದ ಭಾಗಕ್ಕೆ ಬೇರೆ ಗುರಿಯಿಟ್ಟು, ಬೇರೆ ದತ್ತಾಂಶದಿಂದ ಪ್ರತ್ಯೇಕವಾಗಿ ತರಬೇತಿ ಕೊಟ್ಟಿರಬೇಕಾಗುತ್ತದೆ.

ಮೊದಲ ಭಾಗವನ್ನೂ ಪೂರ್ತಿ ನಿಶ್ಚಿಂತೆಯಿಂದ ಒಪ್ಪಬೇಡಿ. ಮೊಬೈಲ್ ಮಾಡುವುದು ಒಂದಕ್ಕೆ ಒಂದರ ಹೋಲಿಕೆ; ಅದರಲ್ಲೂ ಐಫೋನ್‌ನಂತಹವು 30,000ಕ್ಕೂ ಹೆಚ್ಚು ಅವಗೆಂಪು ಚುಕ್ಕೆಗಳನ್ನು ಮುಖದ ಮೇಲೆ ಬೀರಿ ಅದರ ಆಳವನ್ನೂ ಅಳೆಯುತ್ತವೆ. ಗೋಡೆಯ ಮೇಲಿನ ಸಾಮಾನ್ಯ ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ, ಹಿಂದಿನ ಬೆಂಚಿನ ಮುಖಕ್ಕೆ ಅದರಲ್ಲಿ ಸಿಗುವುದು ಬೆರಳೆಣಿಕೆಯಷ್ಟು ಪಿಕ್ಸೆಲ್‌ಗಳ ಚಿತ್ರ. ಹಲವರ ಪಟ್ಟಿಯಲ್ಲಿ ಒಬ್ಬನನ್ನು ಹುಡುಕುವಾಗ ತಪ್ಪಿನ ಲೆಕ್ಕವೂ ಬದಲಾಗುತ್ತದೆ: ಲಕ್ಷಕ್ಕೆ ಒಂದು ಬಾರಿ ಮಾತ್ರ ತಪ್ಪಾಗಿ ಹೊಂದಿಸುವ ವ್ಯವಸ್ಥೆಯನ್ನು ಹತ್ತು ಲಕ್ಷ ಮುಖಗಳ ಪಟ್ಟಿಯ ಮೇಲೆ ಓಡಿಸಿದರೆ ಪ್ರತಿ ಹುಡುಕಾಟಕ್ಕೂ ಸರಾಸರಿ ಹತ್ತು ತಪ್ಪು ಮುಖಗಳು ಬರುತ್ತವೆ. ನಿಮ್ಮ ಕಾಲೇಜಿನ ಪಟ್ಟಿ ಅಷ್ಟು ದೊಡ್ಡದಲ್ಲ ಎಂಬುದು ನಿಜ, ಆದರೆ ಅವಳಿ ಮಕ್ಕಳು, ಹೋಲಿಕೆಯಿರುವ ಅಣ್ಣತಮ್ಮಂದಿರು ಇರುತ್ತಾರೆ. ಅಮೆರಿಕದ ಡೆಟ್ರಾಯಿಟ್ ಬಳಿ 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರನ್ನು, ಗಡಿಯಾರ ಕದ್ದವನ ಮಸುಕು ಚಿತ್ರಕ್ಕೆ ಅವರ ಚಾಲನಾ ಪರವಾನಗಿಯ ಹಳೆಯ ಚಿತ್ರ ಹೊಂದಿತೆಂಬ ಕಾರಣಕ್ಕೆ, ಮನೆಯ ಮುಂದೆ ಹೆಂಡತಿ ಮಕ್ಕಳ ಎದುರಿನಲ್ಲಿಯೇ ಬಂಧಿಸಲಾಗಿತ್ತು; ಅವರು ಕಳ್ಳನಾಗಿರಲಿಲ್ಲ. ಮೈಬಣ್ಣದ ಪ್ರಶ್ನೆ ನಮ್ಮಂಥ ದೇಶದಲ್ಲಿ ಇನ್ನೂ ಮುಖ್ಯ. ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ತಿಳಿ ಬಣ್ಣದ ಗಂಡಸರಲ್ಲಿ ತಪ್ಪು ಶೇಕಡಾ ಒಂದರೊಳಗಿದ್ದರೆ ಕಪ್ಪು ಬಣ್ಣದ ಹೆಂಗಸರಲ್ಲಿ ಶೇಕಡಾ 34.7ರವರೆಗೂ ಏರಿತ್ತು. ಅಂದಿನಿಂದ ತಂತ್ರಾಂಶಗಳು ಸುಧಾರಿಸಿವೆ. ಆದರೂ ಯಾವ ಮುಖಗಳ ಮೇಲೆ ಪರೀಕ್ಷಿಸಿದ್ದೀರಿ ಎಂದು ಕೇಳದೆ ಯಾವ ಶೇಕಡಾವಾರನ್ನೂ ಒಪ್ಪಬಾರದು.

ಇನ್ನು ಭಾವದ ವಿಷಯ. ಈ ಚಿತ್ರ ಇಂಥವನದೇ ಎಂಬುದಕ್ಕೆ ಹೊರಗಿನಿಂದ ಖಚಿತ ಸಾಕ್ಷ್ಯ ಸಿಗುತ್ತದೆ. ಈ ಚಿತ್ರದಲ್ಲಿರುವವನಿಗೆ ಆ ಕ್ಷಣ ಬೇಸರವಾಗಿತ್ತು ಎಂಬುದಕ್ಕೆ ಸಾಕ್ಷ್ಯ ಎಲ್ಲಿದೆ? ಬಹಳ ಕಾಲದಿಂದ ಬಳಕೆಯಲ್ಲಿರುವ, 2013ರ ಒಂದು ಸ್ಪರ್ಧೆಗಾಗಿ ಸಿದ್ಧಪಡಿಸಿದ ದತ್ತಾಂಶವನ್ನು ತೆರೆದು ನೋಡಿದರೆ ಇದು ಅರ್ಥವಾಗುತ್ತದೆ. ಅದರಲ್ಲಿ ಸುಮಾರು 35,000 ಮುಖಗಳಿವೆ, ಒಂದೊಂದೂ ಕೇವಲ 48 ಪಿಕ್ಸೆಲ್ ಉದ್ದ, 48 ಪಿಕ್ಸೆಲ್ ಅಗಲದ ಕಪ್ಪು-ಬಿಳುಪು ಚಿತ್ರ. ಅವುಗಳನ್ನು ಭಾವಸೂಚಕ ಪದಗಳನ್ನು ಕೊಟ್ಟು ಅಂತರ್ಜಾಲದಲ್ಲಿ ಹುಡುಕಿ ತೆಗೆದದ್ದು. ಆಮೇಲೆ ನೋಡಿದವರು ಏಳು ಹಣೆಪಟ್ಟಿಗಳಲ್ಲಿ ಒಂದನ್ನು ಅಂಟಿಸಿದ್ದಾರೆ. ಚಿತ್ರದಲ್ಲಿದ್ದವರನ್ನು ನಿಮಗೇನನಿಸುತ್ತಿತ್ತು ಎಂದು ಯಾರೂ ಕೇಳಿಲ್ಲ. ಅದೇ ಚಿತ್ರಗಳನ್ನು ಮನುಷ್ಯರಿಗೆ ಕೊಟ್ಟು ಪರೀಕ್ಷಿಸಿದಾಗ ಹಣೆಪಟ್ಟಿಯೊಂದಿಗೆ ಅವರ ಒಮ್ಮತ ಶೇಕಡಾ 65ರ ಆಸುಪಾಸಿನಲ್ಲಿತ್ತು. ಇಂತಹ ದತ್ತಾಂಶದಿಂದ ಕಲಿತ ಯಂತ್ರ ಶೇಕಡಾ 90 ನಿಖರ ಎಂದು ಹೇಳಿಕೊಂಡರೆ, ಅದರರ್ಥ ನೋಡುಗರು ಅಂಟಿಸುವ ಹಣೆಪಟ್ಟಿಯನ್ನು ಅದು ಚೆನ್ನಾಗಿ ಊಹಿಸುತ್ತದೆ ಎಂದಷ್ಟೇ. ವಿದ್ಯಾರ್ಥಿಯ ಮನಸ್ಸಿನ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ತನ್ನ ಮುಖ ವಿಶ್ಲೇಷಣಾ ಸೇವೆಯಿಂದ ಭಾವವನ್ನು ಊಹಿಸುವ ಭಾಗವನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿದಾಗ ಕೊಟ್ಟ ಕಾರಣಗಳಲ್ಲಿ, ಭಾವವೆಂದರೇನು ಎಂಬುದರ ಬಗ್ಗೆಯೇ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ ಎಂಬುದೂ ಒಂದು.

ಉತ್ತರ: ಬಣ್ಣದ ಚೌಕಿ

ನಾನು ತೆಂಕುತಿಟ್ಟಿನ ಯಕ್ಷಗಾನದಲ್ಲಿ ವೇಷ ಮಾಡುವವನು. ಮನೋವಿಜ್ಞಾನದ ಓದು ಆಸಕ್ತಿಯಿಂದ ಮಾಡಿದ್ದು. ಮುಖಭಾವಕ್ಕೂ ಒಳಗಿನ ಭಾವಕ್ಕೂ ಸಂಬಂಧವೇ ಇಲ್ಲ ಎಂಬ ತೀರ್ಮಾನಕ್ಕೆ ಈ ಚರ್ಚೆ ಹೋಗಬಾರದೆಂದು ಎರಡು ಮಾತು ಸೇರಿಸುತ್ತೇನೆ. ಪಾಲ್ ಎಕ್‌ಮನ್ 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ನಡೆಸಿದ ಅಧ್ಯಯನಗಳಿಂದ ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ಅಚ್ಚರಿ ಎಂಬ ಆರು ಭಾವಗಳ ಮುಖ ಎಲ್ಲೆಡೆಯೂ ಒಂದೇ ಎಂಬ ಮಾತು ಪ್ರಸಿದ್ಧವಾಯಿತು. ಅವರು ಒಂದು ಸಣ್ಣ ಕಥೆ ಹೇಳಿ, ಮುಂದಿಟ್ಟ ಕೆಲವೇ ಚಿತ್ರಗಳಲ್ಲಿ ಅದಕ್ಕೆ ಹೊಂದುವುದನ್ನು ಆರಿಸಲು ಕೇಳಿದ್ದರು; ಆಯ್ಕೆಗಳು ಕಡಿಮೆಯಿದ್ದಾಗ ಒಮ್ಮತ ಹೆಚ್ಚುವುದು ಸಹಜ ಎಂಬ ಟೀಕೆ ಅನಂತರ ಬಂತು. 2016ರಲ್ಲಿ ಕಾರ್ಲೊಸ್ ಕ್ರಿವೆಲಿ ಮತ್ತು ಸಂಗಡಿಗರು ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದು, ಪಶ್ಚಿಮದವರು ಭಯವೆಂದು ಓದುವ ಬಾಯ್ದೆರೆದ ಮುಖವನ್ನು ಅಲ್ಲಿನವರು ಬೆದರಿಕೆಯೆಂದು ಓದುತ್ತಾರೆ ಎಂಬುದನ್ನು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿಜ್ಞಾನಿಗಳು 2019ರಲ್ಲಿ ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಪರಿಶೀಲಿಸಿ, ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸರಾಸರಿ ಶೇಕಡಾ 30ಕ್ಕಿಂತ ಕಡಿಮೆ ಸಂದರ್ಭಗಳಲ್ಲಿ ಎಂದರು. ಕೋಪವಿಲ್ಲದೆ ಹುಬ್ಬು ಗಂಟಿಕ್ಕುವುದಂತೂ ಇದ್ದೇ ಇದೆ. ಕಠಿಣ ಲೆಕ್ಕವೊಂದರಲ್ಲಿ ಮುಳುಗಿದ ನಿಮ್ಮ ವಿದ್ಯಾರ್ಥಿಯ ಹಣೆಯನ್ನು ನೀವು ನೋಡಿರುತ್ತೀರಿ.

ಹಾಗಾದರೆ ರಂಗದಲ್ಲಿ ಭಾವ ಪ್ರೇಕ್ಷಕರಿಗೆ ಹೇಗೆ ತಲುಪುತ್ತದೆ? ನಾಟ್ಯಶಾಸ್ತ್ರ ರಸಕ್ಕೆ ಮುಖವೊಂದನ್ನೇ ಕಾರಣವೆಂದು ಎಲ್ಲಿಯೂ ಹೇಳಿಲ್ಲ. ಸನ್ನಿವೇಶವಾದ ವಿಭಾವ, ಅದರಿಂದ ಹುಟ್ಟುವ ಮೈಮುಖಗಳ ಅನುಭಾವ, ಬಂದುಹೋಗುವ ವ್ಯಭಿಚಾರಿ ಭಾವ ಇವು ಕೂಡಿದಾಗ ರಸ. ನಮ್ಮ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣಗಳ ಉಬ್ಬು ಚುಕ್ಕೆಗಳಾದ ಚಿಟ್ಟಿ ಸಾಲುಸಾಲಾಗಿ ಕೂತ ಮೇಲೆ ಕೆನ್ನೆಯ ಸ್ನಾಯು ಅಲುಗಿದರೂ ದೂರದವರಿಗೆ ಕಾಣುವುದಿಲ್ಲ. ಚೆಂಡೆಯ ಪೆಟ್ಟು, ಹೆಜ್ಜೆಯ ತೂಕ, ಅಟ್ಟಹಾಸದ ದನಿ, ಅದಕ್ಕೂ ಹಿಂದೆ ಭಾಗವತರು ಹಾಡಿದ ಪದ, ಇವುಗಳಿಂದ ಅವರು ಕೋಪವನ್ನು ಅರಿಯುತ್ತಾರೆ. ಹಿಲೆಲ್ ಅವಿಯೇಜರ್ ಮತ್ತು ಸಂಗಡಿಗರ 2012ರ ಪ್ರಯೋಗ ಇದಕ್ಕೆ ಹೊಂದುತ್ತದೆ. ಟೆನಿಸ್ ಆಟಗಾರರು ಅಂಕ ಗೆದ್ದ ಮತ್ತು ಸೋತ ಕ್ಷಣದ ಚಿತ್ರಗಳಲ್ಲಿ ಮುಖವನ್ನು ಮಾತ್ರ ಕತ್ತರಿಸಿ ತೋರಿಸಿದಾಗ ಗೆದ್ದವರಾರು ಸೋತವರಾರು ಎಂದು ಜನರಿಗೆ ತಿಳಿಯಲಿಲ್ಲ. ಮುಖ ಮರೆಮಾಡಿ ದೇಹವನ್ನು ತೋರಿಸಿದಾಗ ತಿಳಿಯಿತು. ಅದೇ ಹೊತ್ತಿಗೆ, ನಾಟ್ಯಶಾಸ್ತ್ರದ ಕ್ರಮದಲ್ಲಿ ನರ್ತಕಿ ಅಭಿನಯಿಸಿ ತೋರಿಸಿದ ಭಾವಗಳನ್ನು ಭಾರತೀಯರೂ ಅಮೆರಿಕನ್ನರೂ ಬಹುಪಾಲು ಸರಿಯಾಗಿ ಗುರುತಿಸಿದರೆಂದು 2000ದ ಅಧ್ಯಯನವೊಂದು ತೋರಿಸಿದೆ. ಅಭಿನಯ ನೋಡುಗರಿಗೆ ತಿಳಿಯಲೆಂದೇ ಮಾಡಿದ್ದು. ತರಗತಿಯಲ್ಲಿ ಕುಳಿತ ಹುಡುಗ ಯಾರಿಗೂ ಅಭಿನಯಿಸುತ್ತಿಲ್ಲ.

ಪ್ರಶ್ನೆ ಕೇಳಿದವರ ಮಾತು: ಪಿಯು ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಇದನ್ನು ಮಂಡಳಿಯವರೊಂದಿಗೆ ಬಾಯಿಮಾತಿನಲ್ಲಿ ಹಂಚಿಕೊಂಡಾಗ ಬಂದ ಪ್ರತಿವಾದ ಇದು: ಭಾವ ಬೇಡ, ಗಮನವನ್ನಾದರೂ ಅಳೆಯಬಹುದಲ್ಲ, ಕಣ್ಣು ಕರಿಹಲಗೆಯ ಕಡೆ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವ ಸಂಗತಿಯೇ ಅಲ್ಲವೇ ಎಂದು. ಇದಕ್ಕೆ ಏನು ಹೇಳುವುದು? ನಮ್ಮ ಮಕ್ಕಳೆಲ್ಲ 18ರ ಒಳಗಿನವರು ಎಂಬುದೂ ನನ್ನನ್ನು ಕಾಡುತ್ತಿದೆ.

ಉತ್ತರ: ಚಿತ್ರ ಸಂಸ್ಕರಣೆಯ ಎಂಜಿನಿಯರ್

ತಲೆ ಯಾವ ಕಡೆ ತಿರುಗಿದೆ, ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತು ಎಂಬುದನ್ನು ಒಳ್ಳೆಯ ಕ್ಯಾಮೆರಾ ನಿಜಕ್ಕೂ ಅಳೆಯುತ್ತದೆ. ವಾಹನ ಚಾಲಕರ ತೂಕಡಿಕೆಯನ್ನು ಎಚ್ಚರಿಸುವ ಸಾಧನಗಳು ಅದರಿಂದಲೇ ಕೆಲಸ ಮಾಡುತ್ತವೆ. ಅದು ಅಳತೆ. ಅದನ್ನು ಗಮನ ಎಂದು ಕರೆದು ವರದಿಯಲ್ಲಿ ಬರೆದ ಕ್ಷಣ ಅದು ಊಹೆಯಾಗುತ್ತದೆ. ತಲೆ ತಗ್ಗಿಸಿ ಟಿಪ್ಪಣಿ ಬರೆಯುವವಳು, ಉತ್ತರ ಹುಡುಕುತ್ತಾ ಕಿಟಕಿಯ ಕಡೆ ನೋಡುವವನು, ಕೇಳಿಸಿಕೊಳ್ಳಲು ಅನುಕೂಲವೆಂದು ಎದುರಿನವರ ಕಣ್ಣು ತಪ್ಪಿಸುವ ಆಟಿಸಂ ಇರುವ ಮಗು, ಮೂವರೂ ಗಮನವಿಲ್ಲದವರ ಪಟ್ಟಿಗೆ ಸೇರುತ್ತಾರೆ. ಕರಿಹಲಗೆಯ ಮೇಲೆ ಕಣ್ಣು ನೆಟ್ಟು ಮನೆಯ ಚಿಂತೆಯಲ್ಲಿರುವವನು ಒಳ್ಳೆಯ ಅಂಕ ಪಡೆಯುತ್ತಾನೆ. ಕ್ಯಾಮೆರಾ ಏನನ್ನು ಮೆಚ್ಚುತ್ತದೆ ಎಂಬುದು ಮಕ್ಕಳಿಗೆ ಬೇಗನೆ ಗೊತ್ತಾಗುತ್ತದೆ ಎಂಬುದನ್ನೂ ಮರೆಯಬೇಡಿ.

ವಯಸ್ಸಿನ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ, ಅವರ ವರ್ತನೆಯ ಮೇಲೆ ನಿಗಾ ಇಡುವುದನ್ನು ನಿರ್ಬಂಧಿಸುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ನಿಯಮಗಳಲ್ಲಿ ವಿನಾಯಿತಿ ಇದೆ. ಮಗುವಿನ ದುಃಖದ ದಿನಚರಿ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂದು ವಕೀಲರಿಂದ ಲಿಖಿತವಾಗಿ ಪಡೆಯಿರಿ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯಂತೂ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಶಾಲೆ ಮತ್ತು ಕೆಲಸದ ಸ್ಥಳಗಳಲ್ಲಿ ಇಂತಹ ಭಾವ ಊಹೆಯನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ.

ಪ್ರಸ್ತಾವ ತಂದವರಿಗೆ ಕೇಳಿ: ನಿಮ್ಮ ಯಂತ್ರಕ್ಕೆ ಬೇಸರ ಎಂದು ಕಲಿಸಿದ ಚಿತ್ರಗಳಿಗೆ ಆ ಹೆಸರು ಕೊಟ್ಟವರು ಯಾರು, ಚಿತ್ರದಲ್ಲಿದ್ದವರೋ ನೋಡಿದವರೋ? ಹದಿನಾರು ಹದಿನೇಳು ವರ್ಷದ ಭಾರತೀಯ ಮಕ್ಕಳ ಮೇಲೆ, ನಿಜವಾದ ತರಗತಿಯಲ್ಲಿ, ಅವರ ಸ್ವಂತ ಹೇಳಿಕೆಯೊಂದಿಗೆ ತಾಳೆ ನೋಡಿದ ಪರೀಕ್ಷೆ ಇದೆಯೇ? ವರದಿ ತಪ್ಪೆಂದು ವಿದ್ಯಾರ್ಥಿ ಹೇಳಿದರೆ ಯಾರ ಮಾತು ನಿಲ್ಲುತ್ತದೆ? ಚಿತ್ರಗಳನ್ನು ಎಲ್ಲಿ, ಎಷ್ಟು ಕಾಲ ಇಡುತ್ತೀರಿ? ಉತ್ತರಗಳನ್ನು ಪತ್ರದಲ್ಲಿಯೇ ಪಡೆದು ನಿಮ್ಮ ಅಭಿಪ್ರಾಯದೊಂದಿಗೆ ಲಗತ್ತಿಸಿ. ಹಾಜರಾತಿಯನ್ನು ಬೇರೆ ವಿಷಯವಾಗಿ, ಭಾವದ ವರದಿಯನ್ನು ಬೇರೆ ವಿಷಯವಾಗಿ ಮತಕ್ಕೆ ಹಾಕುವಂತೆ ಮಂಡಳಿಯನ್ನು ಕೇಳಿಕೊಳ್ಳಿ.